ನಮ್ಮ ಮನೆಗೆ ಬಂದ ಗಾಳಿ ಗಡಗಿ

ದಾರಿಯಲ್ಲಿ ಯಾರಾದರೂ ಗಾಲಿಗೆ ಗಾಳಿ ತುಂಬುತ್ತಿದ್ದರೆ ನನಗೆ ಮುಂದೆ ಹೋಗಲು ಆಗುವುದಿಲ್ಲ. ಕೈಯಲ್ಲಿ ಬದನೆಕಾಯಿ ಚೀಲವಿರಲಿ, ಅಕ್ಷತೆಗೆ ಹೊತ್ತಾಗಿರಲಿ, ನಿಂತುಬಿಡುತ್ತೇನೆ. ಮೊಮ್ಮಗಳು ಸೆರಗು ಜಗ್ಗಿ "ಆಯಿ, ಏನೈತಿ ಅದರಾಗ ನೋಡೂದು?" ಎಂದು ಗೊಣಗುತ್ತಾಳೆ. ಅವಳ ಮಾತೂ ಖರೆ. ಗಾಳಿ ಕಣ್ಣಿಗೆ ಕಾಣುವ ವಸ್ತುವಲ್ಲ, ಅದನ್ನು ತುಂಬುವುದನ್ನು ನಿಂತು ನೋಡುವ ಮುದುಕಿಗೆ ತಲೆ ನೆಟ್ಟಗಿಲ್ಲ ಎಂದು ಯಾರಾದರೂ ಅಂದುಕೊಂಡರೆ ತಪ್ಪಲ್ಲ. ಆದರೆ ನಾನು ನೋಡುವುದು ಗಾಳಿಯನ್ನಲ್ಲ, ಅದನ್ನು ಕೂಡಿಟ್ಟ ಕಬ್ಬಿಣದ ಟಾಕಿಯನ್ನು. ಟಾಕಿ ಗೋಡೆಗೆ ಅಂಟಿಕೊಂಡು ನಿಂತಿದೆಯೋ, ಸುತ್ತ ಕೈಯಾಡಲು ಜಾಗ ಬಿಟ್ಟಿದ್ದಾರೋ? ತಳದ ನೀರು ಬಿಟ್ಟು ಎಷ್ಟು ದಿನವಾಯಿತೋ? ತಿರುಗುವ ಪಟ್ಟಿಗೆ ತಂತಿಯ ಜಾಳಿಗೆ ಇದೆಯೋ ಇಲ್ಲವೋ? ಇಷ್ಟನ್ನೂ ಕಣ್ಣಲ್ಲೇ ವಿಚಾರಿಸಿ, ಸರಿ ಇಲ್ಲದಿದ್ದರೆ ಬಾಯಿಂದಲೂ ವಿಚಾರಿಸಿ, ಆಮೇಲೆ ಮುಂದೆ ಹೋಗುತ್ತೇನೆ. ಕೊಪ್ಪಳದ ಪಂಕ್ಚರ್ ಅಂಗಡಿಯವರೆಲ್ಲ ನನ್ನನ್ನು ಕಂಡರೆ ಬೇರೆ ಕಡೆ ಮುಖ ತಿರುಗಿಸುತ್ತಾರೆ ಎಂದು ಮಗ ಹೇಳುತ್ತಾನೆ. ತಿರುಗಿಸಲಿ ಬಿಡಿ.

ಈ ಚಾಳಿ ಹತ್ತಿದ್ದು ನಮ್ಮ ಅತ್ತೆಯಿಂದ. ಅವರಿಗೆ ಹತ್ತಿದ್ದು ನಮ್ಮ ಮನೆಯವರಿಂದ, ಅಂದರೆ ನನ್ನ ಗಂಡನಿಂದ. ನಮ್ಮಲ್ಲಿ ಹೆಂಗಸರು ಗಂಡನ ಹೆಸರು ಹೇಳುವ ರೂಢಿಯಿಲ್ಲ, ಹಾಗಾಗಿ ಇಲ್ಲಿಯೂ ‘ಇವರು’ ಎಂದೇ ಬರೆಯುತ್ತೇನೆ. ನನಗಿದ್ದದ್ದು ಒಬ್ಬರೇ ಗಂಡ, ನಿಮಗೆ ಗೊಂದಲವಾಗಲಾರದು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ನಾವು ಕುಷ್ಟಗಿಯಲ್ಲಿದ್ದೆವು. ಇವರ ತಂದೆಯ ಕಡೆಯವರೂ ತಾಯಿಯ ಕಡೆಯವರೂ ಜವಳಿ ವ್ಯಾಪಾರಸ್ಥರು. ಇವರ ಸೋದರಮಾವ ಚನ್ನಬಸಪ್ಪನವರು ಗಂಗಾವತಿಯಲ್ಲಿ ದೊಡ್ಡ ಅಂಗಡಿ ಇಟ್ಟಿದ್ದರು. ಇವರ ತಂದೆ ತೀರಿಕೊಂಡ ಮೇಲೆ ಇವರನ್ನು ಅಲ್ಲಿಯೇ ಗಾದಿಯ ಮೇಲೆ ಕೂರಿಸಿದ್ದರು. ಇವರು ಬಟ್ಟೆ ಅಳೆಯುತ್ತ ಅಳೆಯುತ್ತ ರಸ್ತೆಯ ಮೇಲೆ ಹೋಗುವ ಮೋಟಾರು ನೋಡುತ್ತಿದ್ದರಂತೆ. ಮೋಟಾರು ದೊಡ್ಡದಿದ್ದರೆ ಗಿರಾಕಿಗೆ ಒಂದು ಗೇಣು ಬಟ್ಟೆ ಹೆಚ್ಚು ಹೋಗುತ್ತಿತ್ತಂತೆ. ಕಡೆಗೊಂದು ದಿನ ಅಳೆಯುವ ಗಜವನ್ನು ಗಾದಿಯ ಮೇಲೆ ಬಿಟ್ಟು ಗದಗಿಗೆ ಓಡಿಹೋದರು. ಅಲ್ಲಿ ಮೋಟಾರು ಕೆಲಸ ಕಲಿತು, ಮೈಯೆಲ್ಲ ಎಣ್ಣೆ ಬಳಿದುಕೊಂಡು ಊರಿಗೆ ಬಂದು, ನಮ್ಮ ಮನೆಯ ಮುಂದಿನ ದನದ ಕೊಟ್ಟಿಗೆಯಲ್ಲೇ ಗ್ಯಾರೇಜು ತೆಗೆದರು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಇವರ ಮುಖದ ನಿಜವಾದ ಬಣ್ಣ ಕಾಣುತ್ತಿದ್ದದ್ದು ಸೋಮವಾರಗಳಂದು ಮಾತ್ರ, ಎಣ್ಣೆಸ್ನಾನ ಆದ ಮೇಲೆ.

ಆಗಿನ ಬಸ್ಸುಗಳು ಇದ್ದಿಲಿನ ಮೇಲೆ ಓಡುತ್ತಿದ್ದವು. ಬೆನ್ನ ಮೇಲೆ ಒಲೆ ಹೊತ್ತುಕೊಂಡು, ಬೂದಿ ಉಗುಳುತ್ತ, ಕುಷ್ಟಗಿಯಿಂದ ಕೊಪ್ಪಳ ಸ್ಟೇಷನ್ನಿಗೂ ಯಲಬುರ್ಗಿಗೂ ಹೋಗಿಬರುತ್ತಿದ್ದವು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯಬೇಕು, ಇನ್ನೂ ಏರು ಬಂದರೆ ನೂಕಬೇಕು. ಟಿಕೇಟು ತೆಗೆದುಕೊಂಡು ನೂಕುವ ಭಾಗ್ಯ ಈಗಿನವರಿಗಿಲ್ಲ. ರಸ್ತೆಯೋ, ಮೊರಮು ಮತ್ತು ಕಲ್ಲು. ಗಾಲಿಗಳು ಕೂತುಕೊಂಡೇ ನಮ್ಮ ಬಾಗಿಲಿಗೆ ಬರುತ್ತಿದ್ದವು. ಅದಕ್ಕೆ ಕೈಪಂಪಿನಿಂದ ಗಾಳಿ ತುಂಬಬೇಕು. ಇವರು ಒಂದು ಗಾಲಿ ತುಂಬುವಷ್ಟರಲ್ಲಿ ಒಳಗೆ ನನ್ನ ರೊಟ್ಟಿಬುಟ್ಟಿ ತುಂಬಿರುತ್ತಿತ್ತು. ಗೋಡೆಯ ಆಚೆಗೆ ಇವರ ಪಂಪು, ಈಚೆಗೆ ನನ್ನ ರೊಟ್ಟಿ ಬಡಿತ, ಎರಡೂ ಜೊತೆಗೇ ಸಾಗುತ್ತಿದ್ದವು. ಊಟಕ್ಕೆ ಕೂತರೆ ಇವರ ಕೈ ನಡುಗುತ್ತಿತ್ತು, ತುತ್ತು ಬಾಯಿಗೆ ಹೋಗುವ ಮೊದಲೇ ಪಲ್ಯ ಕೆಳಗೆ ಬೀಳುತ್ತಿತ್ತು. ನೋಡಿಯೂ ನಾನು ಏನೂ ಹೇಳುವಂತಿಲ್ಲ. ಅತ್ತೆಯ ಮುಂದೆ ಸೊಸೆಯ ದನಿ ಎದ್ದದ್ದೆಂದರೆ ಆಗ ದೊಡ್ಡ ಸುದ್ದಿ, ಹಿತ್ತಲ ಬಾಗಿಲಿನಿಂದ ಹೊರಟು ಊರ ಅಗಸೆಯವರೆಗೆ ಹೋಗುವ ಸುದ್ದಿ.

ಒಂದು ದಿನ ಕೊಪ್ಪಳ ಸ್ಟೇಷನ್ನಿನಿಂದ ಚಕ್ಕಡಿಯೊಂದು ಬಂದು ಬಾಗಿಲಲ್ಲಿ ನಿಂತಿತು. ಅದರಲ್ಲಿ ಒಂದು ಸಣ್ಣ ಎಂಜಿನ್ನು, ಗಾಳಿ ಒತ್ತುವ ಯಂತ್ರ, ಒಂದಿಷ್ಟು ಕಬ್ಬಿಣದ ಕೊಳವೆ, ಎಲ್ಲಕ್ಕಿಂತ ದೊಡ್ಡದಾಗಿ ಹೊಟ್ಟೆ ಉಬ್ಬಿದ ಒಂದು ಟಾಕಿ. ಯುದ್ಧ ಮುಗಿದು ಹರಾಜಿಗೆ ಬಂದ ಸಾಮಾನು. ಎಂಜಿನ್ನು ತೊಗಲಿನ ಪಟ್ಟಿಯಿಂದ ಯಂತ್ರವನ್ನು ತಿರುಗಿಸುತ್ತದೆ, ಯಂತ್ರ ಗಾಳಿಯನ್ನು ಒತ್ತಿ ಒತ್ತಿ ಟಾಕಿಗೆ ತುಂಬುತ್ತದೆ, ಟಾಕಿಯಿಂದ ಕೊಳವೆ, ಕೊಳವೆಯಿಂದ ಗಾಲಿ. ಇವರು ಇಷ್ಟನ್ನೂ ಕೈ ಬೀಸಿ ಬೀಸಿ ವಿವರಿಸಿದರು. ಅತ್ತೆ ಹೊಸ್ತಿಲ ಮೇಲೆ ಕೂತು ಕೇಳಿದರು. ಯಲಬುರ್ಗಿಯ ದಾರಿಯಲ್ಲಿ ಇದ್ದಿಲು ಬಸ್ಸಿನ ಒಲೆ ಭುಗ್ಗೆಂದು ಡ್ರೈವರನ ಮೀಸೆ ಸುಟ್ಟದ್ದನ್ನು ಅವರು ಕಣ್ಣಾರೆ ಕಂಡವರು. ಕಬ್ಬಿಣದ ಗಡಗಿ ಕಂಡರೆ ಅವರಿಗೆ ಮಗನ ಮೀಸೆಯ ಚಿಂತೆ.

"ಗಾಳಿ ಅಂದ್ರ ದೇವರು. ದೇವರನ್ನ ಗಡಗ್ಯಾಗ ತುಂಬಿ ಮುಚ್ಚಳಾ ಹಾಕ್ತಿಯೇನೋ?" ಎಂದರು.

ಇವರು ದೇವರ ಮುಂದೆ ನಿಂತವರಂತೆ ಬೇಡಿಕೊಂಡರು. ಕಡೆಗೆ ಅತ್ತೆ ಒಂದು ಕರಾರು ಹಾಕಿದರು. "ಎಂಜಿನ್ನು ಡುಗುಡುಗು ಅಂದ್ರ ಅನ್ಲಿ ಬಿಡು. ಆದ್ರ ಈ ಗಡಗಿ ಸಪ್ಪಳಾ ಮಾಡಬಾರ್ದು. ಒಂದ ಸಲ ಮಾಡ್ತೋ, ಅವತ್ತ ಚಕ್ಕಡಿ ಹೂಡಿಸಿ ಕಳಿಸಿಬಿಡ್ತೀನಿ. ನೀನೂ ಅದರ ಹಿಂದಿಂದ ಗಂಗಾವತಿಗೆ ನಡಿ, ಮಾಮಾನ ಅಂಗಡಿಗೆ."

ಇವರು ಅವ್ವನ ಕೈಮೇಲೆ ಕೈಯಿಟ್ಟು ಮಾತು ಕೊಟ್ಟರು. ಆನಂದದಲ್ಲಿದ್ದ ಗಂಡಸು ಯಾವ ಮಾತನ್ನಾದರೂ ಕೊಡುತ್ತಾನೆ. ನಾನು ಮಾತ್ರ ಗಂಗಾವತಿಯನ್ನು ನೆನೆದೆ. ಇವರನ್ನು ಮತ್ತೆ ಗಾದಿಯ ಮೇಲೆ ಕೂರಿಸಿದರೆ ಇವರ ಕೈ ನಡುಗುವುದು ನಿಂತೀತು, ನಿಜ. ಆದರೆ ಆ ಕೈಯೊಳಗಿನ ಜೀವವೂ ನಿಂತೀತು. ಕೊಟ್ಟಿಗೆಯಲ್ಲಿ ಮೋಟಾರಿನ ಕೆಳಗೆ ಅಂಗಾತ ಮಲಗಿ ಇವರು ತಮ್ಮಷ್ಟಕ್ಕೆ ಗುನುಗುವುದನ್ನು ಕೇಳಿದ್ದವಳು ನಾನು. ಗಂಗಾವತಿಯಲ್ಲಿ ಇವರು ಎಂದೂ ಗುನುಗಿದ್ದಿಲ್ಲವಂತೆ.

ಟಾಕಿ ಕೂರಿಸಲು ಗದಗಿನಿಂದ ಖಾದರಸಾಬ ಮಿಸ್ತ್ರಿ ಬಂದರು. ಇವರಿಗೆ ಕೆಲಸ ಕಲಿಸಿದವರು. ಬಿಳಿ ಗಡ್ಡ, ಕಂಠದಲ್ಲಿ ಗುಡುಗು, ನಮ್ಮ ಮನೆಯ ಶೇಂಗಾ ಚಟ್ನಿಯ ಮೇಲೆ ವಿಪರೀತ ಪ್ರೀತಿ. ಬಂದವರೇ ಇವರಿಗೆ ಬೈಯಲು ಶುರುಮಾಡಿದರು. ಇವರು ಟಾಕಿಯನ್ನು ಅಡುಗೆಮನೆಯ ಗೋಡೆಗೆ ಒತ್ತಿ ನಿಲ್ಲಿಸಿದ್ದರು. "ಒಲಿ ಮಗ್ಗಲಕ್ಕ ಇಡ್ತಿಯೇನೋ ಹುಚ್ಚಾ? ಬಿಸಿ ಗಾಳಿ, ಹೊಗಿ, ಬೂದಿ ಎಲ್ಲಾ ಇದರ ಹೊಟ್ಟ್ಯಾಗ ಹೋಗ್ಬೇಕಾ? ತಂಪ ಜಾಗಾ ಬೇಕು, ಸುತ್ತ ಮನಷಾ ತಿರಗಾಡಬೇಕು" ಎಂದು ಕೊಟ್ಟಿಗೆಯ ಬಡಗಣ ಮೂಲೆಗೆ ಎತ್ತಿಸಿದರು. ಅಲ್ಲಿ ನೆಲ ಅಗೆಸಿ, ಕುಷ್ಟಗಿಯ ಕರಿಗಲ್ಲು ಹಾಸಿ, ಗಚ್ಚು ಹಾಕಿ, ಬೋಲ್ಟು ನೆಟ್ಟು, ಮಟ್ಟ ನೋಡಿ ನೋಡಿ ಕೂರಿಸಿದರು. ಮದುವೆಯ ಹಸೆಮಣೆಯನ್ನೂ ಅಷ್ಟು ಚಂದ ನೋಡಿ ಯಾರೂ ಇಟ್ಟಿರಲಾರರು.

ಗಚ್ಚು ಒಣಗಿದ ಮೇಲೆ ಮಿಸ್ತ್ರಿ ನೀರು ಕೇಳಿದರು. ಕುಡಿಯಲು ಎಂದುಕೊಂಡು ತಂಬಿಗೆ ತಂದೆ. ಅವರಿಗೆ ಬೇಕಾದದ್ದು ಟಾಕಿ ತುಂಬ ನೀರು. ಗಾಳಿಯ ಟಾಕಿಗೆ ನೀರೇಕೆ? ಹಳೆಯ ಟಾಕಿ, ಒಳಗೆ ತುಕ್ಕು ತಿಂದಿದೆಯೋ ಏನೋ, ಮೊದಲು ಅದರ ಗಟ್ಟಿತನ ನೋಡಬೇಕು. ನೀರು ತುಂಬಿ ಪಂಪಿನಿಂದ ಒತ್ತಿದರೆ, ಟಾಕಿ ಸೋತರೂ ಬರೀ ನೀರು ಸೋರುತ್ತದೆ. ಗಾಳಿ ತುಂಬಿ ಒತ್ತಿದರೆ, ಸೋತ ಟಾಕಿ ಛಿದ್ರವಾಗಿ ಹಾರುತ್ತದೆ. ನೀರು ಒತ್ತಡ ತಡೆಯುತ್ತದೆ, ಸೇಡು ತೀರಿಸಿಕೊಳ್ಳುವುದಿಲ್ಲ. ಓಣಿಯ ಹೆಂಗಸರೆಲ್ಲ ಕೊಡ ಹೊತ್ತು ತಂದರು. "ನಮ್ಮ ಗೌರಿಗೆ ಕಬ್ಬಿಣದ ಎಮ್ಮಿ ಬಂದೈತಿ, ನೀರ ಕುಡಿಸಾಕ ಹತ್ಯಾರ" ಎಂದು ನನ್ನ ಹೆಸರು ಹಿಡಿದು ಗೋಳುಹೊಯ್ದುಕೊಂಡರು. ಟಾಕಿ ಒಂದು ಹನಿಯೂ ಬೆವರಲಿಲ್ಲ. ಮಿಸ್ತ್ರಿ ಅದರ ಹೊಟ್ಟೆ ತಟ್ಟಿ "ಶಾಬಾಸ್" ಎಂದರು. ಅತ್ತೆ ಹೊಸ್ತಿಲಲ್ಲಿ ಕೂತು ಇದನ್ನೂ ನೋಡಿದರು.

ಆಮೇಲೆ ಕೊಳವೆ. ಗೋಡೆಯುದ್ದಕ್ಕೂ, ಕೊಟ್ಟಿಗೆಯ ಈ ತುದಿಯಿಂದ ರಸ್ತೆಯ ತುದಿಯವರೆಗೆ. ಅತ್ತೆ ಮೊದಲ ಬಾರಿಗೆ ಬಾಯಿ ಹಾಕಿದ್ದು ಇಲ್ಲಿಯೇ. "ಗ್ವಾಡಿ ನೆಟ್ಟಗೈತಿ, ನಳಗಿ ಯಾಕ ಸೊಟ್ಟಾತು?" ಕೊಳವೆ ಒಂದು ಕಡೆಗೆ ತುಸು ಇಳಿಜಾರಾಗಿತ್ತು. ಅವರ ಕಣ್ಣೇ ಕಣ್ಣು, ಹಪ್ಪಳದ ಅಂಚು ಸೊಟ್ಟಗಿದ್ದರೂ ಬಿಡದ ಕಣ್ಣು. ಮಿಸ್ತ್ರಿ ತೋರಿಸಿಕೊಟ್ಟರು. ಒತ್ತಿದ ಗಾಳಿ ತಣ್ಣಗಾದಾಗ ಬೆವರುತ್ತದೆ. ಆ ನೀರು ಇಳಿಜಾರಿನಲ್ಲಿ ಹರಿದು ತುದಿಗೆ ಬಂದು ನಿಲ್ಲಬೇಕು, ಅಲ್ಲಿ ಒಂದು ತಿರುಪು, ಬೆಳಿಗ್ಗೆ ಎದ್ದು ತಿರುವಿದರೆ ನೀರು ಹೊರಗೆ. ಗಾಲಿಗೆ ಹೋಗುವ ಕವಲನ್ನು ಕೊಳವೆಯ ನೆತ್ತಿಯಿಂದ ತೆಗೆದು ಬಗ್ಗಿಸಿ ಕೆಳಗಿಳಿಸಬೇಕು, ನೀರು ಅದರೊಳಗೆ ನುಗ್ಗದ ಹಾಗೆ. "ಅಂದ್ರ ಗಾಳಿಗೂ ಬಚ್ಚಲಾ ಕಟ್ಟೀರಿ ಅನ್ರಿ" ಎಂದರು ಅತ್ತೆ. ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ, ಆದರೆ ಮಣೆಯನ್ನು ಹೊಸ್ತಿಲಿನಿಂದ ಕೊಟ್ಟಿಗೆಯೊಳಗೆ ಎಳೆದುಕೊಂಡು ಕೂತರು.

ಕೀಲುಗಳಲ್ಲಿ ಗಾಳಿ ಸೋರುತ್ತದೆಯೋ ಎಂದು ನೋಡುವ ಕೆಲಸ ಹೆಂಗಸರಿಗೆ ಬಂತು. ಅಂಟುವಾಳದ ನೊರೆ ಎಬ್ಬಿಸಿ ಕೀಲುಕೀಲಿಗೆ ಬಳಿಯುವುದು, ಗುಳ್ಳೆ ಎದ್ದರೆ ಕೂಗುವುದು. ನಾನು ಕೂಗುವಂತಿಲ್ಲವಲ್ಲ, ಬೊಟ್ಟು ಮಾಡಿ ತೋರಿಸುತ್ತಿದ್ದೆ. ಆವತ್ತು ಪರೀಕ್ಷೆಗಷ್ಟೇ ಎಂಜಿನ್ನು ಹಚ್ಚಿ, ಟಾಕಿಗೆ ತುಸುವೇ ಗಾಳಿ ತುಂಬುತ್ತಿದ್ದರು. ಪಟ್ಟಿಯ ಬಳಿ ನನ್ನ ಸೆರಗು ಹಾರಿದ್ದನ್ನು ಕಂಡು ಮಿಸ್ತ್ರಿ ಎಂಜಿನ್ನು ನಿಲ್ಲಿಸಿಯೇಬಿಟ್ಟರು. ಪಟ್ಟಿಗೂ ಅದು ಸುತ್ತುವ ಗಾಲಿಗೂ ತಂತಿಯ ಜಾಳಿಗೆ ಕಟ್ಟುವವರೆಗೆ ಮತ್ತೆ ಮುಟ್ಟಲಿಲ್ಲ. ಆ ಮೇಲೆ ಇವರಿಗೂ ತಾಕೀತು: ಈ ಗಾಳಿಯನ್ನು ಮೈಗೆ ಹಿಡಿಯಬಾರದು, ಬಟ್ಟೆಯ ಧೂಳು ಕೊಡವಲಿಕ್ಕೂ ಹಿಡಿಯಬಾರದು, ತಮಾಷೆಗೂ ಯಾರ ಕಡೆಗೂ ತಿರುಗಿಸಬಾರದು.

ಇಲ್ಲಿ ತುಸು ಶಾಸ್ತ್ರದ ಮಾತು ಹೇಳಲು ಅಪ್ಪಣೆ ಕೊಡಿ, ನಮ್ಮ ಮಠದಲ್ಲಿ ಪುರಾಣ ಕೇಳಿ ಬಂದ ತಿಳಿವಳಿಕೆ. ಮನುಷ್ಯನ ದೇಹದೊಳಗಿನ ಗಾಳಿಗೆ ಐದು ಹೆಸರು: ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ. ಒಂದೊಂದಕ್ಕೂ ಒಂದೊಂದು ಜಾಗ, ಒಂದೊಂದು ದಾರಿ. ದಾರಿ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ಜಾಗರಣೆಯ ಮರುದಿನ ಕಡಲೆಬೇಳೆ ಹೋಳಿಗೆ ತಿಂದವರನ್ನು ಕೇಳಿದರೆ ಸಾಕು, ಪುರಾಣ ಬೇಡ. ಅಲ್ಲದೆ ವಾಯುಪುತ್ರ ಹುಟ್ಟಿದ ಬೆಟ್ಟ ಇರುವುದು ನಮ್ಮ ಗಂಗಾವತಿಯ ಕಡೆ. ಆ ಲೆಕ್ಕದಲ್ಲಿ ಗಾಳಿದೇವರು ನಮ್ಮ ಸೀಮೆಯ ಬೀಗರು. ಬೀಗರನ್ನು ಮನೆಗೆ ಕರೆದ ಮೇಲೆ ಹೊರಗೆ ಹೋಗಲು ಬಾಗಿಲು ಇಡಲೇಬೇಕು. ಇಡದಿದ್ದರೆ ಅವರೇ ಗೋಡೆ ಒಡೆದು ಹೋಗುತ್ತಾರೆ.

ಆ ಬಾಗಿಲು ಟಾಕಿಯ ನೆತ್ತಿಯ ಮೇಲಿತ್ತು. ಹಿತ್ತಾಳೆಯದು, ಮೊಳಕೆಯ ಹಾಗೆ ಎದ್ದು ನಿಂತ ಪುಟ್ಟ ವಸ್ತು, ಒಳಗೆ ಸ್ಪ್ರಿಂಗು, ಪಕ್ಕಕ್ಕೆ ಒಂದು ಹಿಡಿಕೆ. ಟಾಕಿಯಲ್ಲಿ ಗಾಳಿ ಅಳತೆ ಮೀರಿದರೆ ತಾನೇ ಮೇಲೆದ್ದು ಹೆಚ್ಚಿನ ಗಾಳಿಯನ್ನು ಹೊರಗೆ ಬಿಡುತ್ತದೆ. ಗಡಿಯಾರದಂಥ ಮಾಪಿನ ಮೇಲೆ ಮಿಸ್ತ್ರಿ ಕೆಂಪು ಗೆರೆ ಎಳೆದಿದ್ದರು, ಮುಳ್ಳು ಅಲ್ಲಿಗೆ ಬಂದ ಕೂಡಲೇ ಇದು ಏಳಬೇಕು. "ಎಂಜಿನ್ ಚಾಲೂ ಮಾಡಿದ ದಿನ ಅದು ಬಾಯಿ ಬಿಡೂದು ನಾ ಕಣ್ಣಲೆ ನೋಡಬೇಕು. ನೋಡದ ಗದಗಿನ ರೈಲ ಹತ್ತಂಗಿಲ್ಲ" ಎಂದರು.

ಇವರು ಮೆಲ್ಲನೆ ಕೇಳಿದರು, "ಸಪ್ಪಳಾ ಆಗ್ತದೇನ್ರಿ ಉಸ್ತಾದ?"

"ಆಗ್ತದಾ? ಯಲಬುರ್ಗಿತನಾ ಕೇಳ್ತದ!"

ಇವರ ಮುಖ ನೋಡಬೇಕಿತ್ತು. ಅವ್ವನಿಗೆ ಕೊಟ್ಟ ಮಾತು ಒಂದು ಕಡೆ, ಟಾಕಿ ಒಡೆಯದಂತೆ ಕಾಯುವ ಬಾಯಿ ಒಂದು ಕಡೆ. ಗಡಗಿ ಸಪ್ಪಳ ಮಾಡಿದರೆ ಗಂಗಾವತಿ. ಮಾಡದಿದ್ದರೆ ಊರಿಗೂ ಮನೆಗೂ ಅಪಾಯ. ಊಟಕ್ಕೆ ಕೂತಾಗ ನನ್ನೊಬ್ಬಳಿಗೆ ಇದನ್ನು ಪಿಸುಗುಟ್ಟಿದರು. "ಅವ್ವಗ ಹೇಳ್ರಿ" ಎಂದೆ. "ನೀ ಹೇಳು" ಎಂದರು. ಇಬ್ಬರೂ ಹೇಳಲಿಲ್ಲ. ಲಾರಿಯ ಎಂಜಿನ್ನನ್ನು ಬಿಚ್ಚಿ ಹರವಿ ಮತ್ತೆ ಕೂಡಿಸುವ ಧೈರ್ಯದ ಗಂಡಸಿಗೆ ಅವ್ವನ ಮುಂದೆ ಒಂದು ಮಾತು ಎತ್ತುವ ಧೈರ್ಯವಿಲ್ಲ. ಲೋಕದಲ್ಲಿ ಇದು ಹೊಸದೇನಲ್ಲ.

ಯಂತ್ರ ಶುರುಮಾಡುವ ದಿನ ಗೊತ್ತಾಯಿತು. ಅತ್ತೆಯೇ ಮುಹೂರ್ತ ಕೇಳಿಸಿಕೊಂಡು ಬಂದರು, ತಮ್ಮ ಚನ್ನಬಸಪ್ಪನವರಿಗೂ ಹೇಳಿಕಳಿಸಿದರು. ಕರಾರಿಗೆ ಸಾಕ್ಷಿ ಬೇಕಲ್ಲ. ಮಾವ ಹೊಸ ಧೋತರ ಉಟ್ಟು, ರೇಷ್ಮೆ ರುಮಾಲು ಸುತ್ತಿ, ಹಿಂದಿನ ದಿನವೇ ಬಂದಿಳಿದರು. ಟಾಕಿಯನ್ನು ಸುತ್ತುಬಂದು ನೋಡಿ, ಇವರ ಬೆನ್ನು ಚಪ್ಪರಿಸಿ, "ಹೊಸಾ ಗಾದಿ ಹಾಕಿಸೀನಿ ನಿನಗ, ಬೂರಗದ ಹತ್ತೀದು, ಮೆತ್ತಗ ಐತಿ" ಎಂದರು. ಒಳ್ಳೆಯ ಮನುಷ್ಯರೇ. ಅವರಿಗೆ ಮಕ್ಕಳಿರಲಿಲ್ಲ, ಅಳಿಯನ ಮೇಲೆ ಪ್ರಾಣ. ಆ ಪ್ರೀತಿಯೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರಬಹುದಿತ್ತು.

ಬೆಳಿಗ್ಗೆ ನಾನು ಹೋಳಿಗೆಯ ಹೂರಣ ರುಬ್ಬುತ್ತಿದ್ದೆ, ಇವರೂ ಮಿಸ್ತ್ರಿಯೂ ಎಂಜಿನ್ನಿಗೆ ನೀರು, ಎಣ್ಣೆ ನೋಡುತ್ತಿದ್ದರು. ಅತ್ತೆ ಒಬ್ಬರೇ ಹೋಗಿ ಗಡಗಿಗೆ ಪೂಜೆ ಮಾಡಿದರು. ಬೇಡವೆಂದಿದ್ದ ಗಡಗಿಯೇ, ಆದರೂ ಮನೆಯೊಳಗೆ ಬಂದ ಮೇಲೆ ಪೂಜೆಯಿಲ್ಲದೆ ಬಿಡುವ ಹೆಂಗಸಲ್ಲ ಅವರು. ವಿಭೂತಿಯ ಮೂರು ಪಟ್ಟೆ ಎಳೆದರು, ಕುಂಕುಮವಿಟ್ಟರು. ನಮ್ಮಲ್ಲಿ ಹೊಸ ವಸ್ತು ಯಾವುದೇ ಬರಲಿ, ರಂಟೆಯಾಗಲಿ, ಚಕ್ಕಡಿಯಾಗಲಿ, ಹಳದಿ ದಾರಕ್ಕೆ ಅರಿಷಿಣದ ಕೊಂಬು ಪೋಣಿಸಿ ಕಂಕಣ ಕಟ್ಟುತ್ತಾರೆ. ಕಟ್ಟಬೇಕಾದದ್ದು ಅದರ ತುತ್ತತುದಿಗೆ, ಶಿಖರಕ್ಕೆ. ಅತ್ತೆಗೆ ಶಿಖರ ಹುಡುಕಲು ಕಷ್ಟವಾಗಲಿಲ್ಲ. ಟಾಕಿಯ ನೆತ್ತಿಯ ಮೇಲೆ ಹಿತ್ತಾಳೆಯ ಕಳಸ ಫಳಫಳ ಹೊಳೆಯುತ್ತಿತ್ತು. ಅದರ ಹಿಡಿಕೆಯನ್ನೂ ಕೂಡಿಸಿ, ದಾರ ಸುತ್ತಿ ಸುತ್ತಿ, ಬ್ರಹ್ಮಗಂಟು ಹಾಕಿ, ಮೇಲೆ ಚೆಂಡುಹೂವಿನ ದಂಡೆ ಮುಡಿಸಿದರು. ಅತ್ತೆಯ ಗಂಟು ಎಂದರೆ ಗಂಟು. ಹುಣಸೆಹಣ್ಣಿನ ಗಡಗಿಯ ಬಾಯಿಗೆ ಅವರು ಕಟ್ಟಿದ್ದನ್ನು ನಾವು ಕುಡುಗೋಲಿನಿಂದ ಕೊಯ್ಯುತ್ತಿದ್ದೆವು.

ಓಣಿಯೆಲ್ಲ ಕೂಡಿತು. ಇವರು ಹಿಡಿಕೆ ತಿರುವಿದರು, ಎಂಜಿನ್ನು ಕೆಮ್ಮಿ, ಸೀನಿ, ಹಿಡಿದುಕೊಂಡಿತು. ಪಟ್ಟಿ ತಿರುಗಿತು, ಮಾಪಿನ ಮುಳ್ಳು ಅಲುಗಿತು. ಚಪ್ಪಾಳೆ. ಮಿಸ್ತ್ರಿಯ ಕಣ್ಣು ಮುಳ್ಳಿನ ಮೇಲೆ. ಮುಳ್ಳು ಏರುತ್ತ ಏರುತ್ತ ಕೆಂಪು ಗೆರೆಗೆ ಬಂತು. ಗೆರೆ ಮುಟ್ಟಿತು. ಗಡಗಿ ಸುಮ್ಮನಿತ್ತು. ಮಿಸ್ತ್ರಿ ತಲೆಯೆತ್ತಿ ಹೂವಿನ ದಂಡೆ ನೋಡಿದರು, ದಂಡೆಯ ಕೆಳಗೆ ಹಳದಿ ದಾರ ನೋಡಿದರು, "ಯಾ ಅಲ್ಲಾ!" ಎಂದು ಒಂದೇ ನೆಗೆತಕ್ಕೆ ಹೋಗಿ ಎಂಜಿನ್ನು ನಿಲ್ಲಿಸಿದರು. ಆಮೇಲೆ ತಳದ ತಿರುಪು ಬಿಚ್ಚಿ ಗಾಳಿಯನ್ನು ಮೆಲ್ಲಗೆ ಇಳಿಸಿದರು.

ಶುಭಕಾರ್ಯದ ನಡುವೆ ಯಂತ್ರ ನಿಂತಿತು! ಹೆಂಗಸರು ಬಾಯಿಗೆ ಸೆರಗು ಹಚ್ಚಿಕೊಂಡರು. ಅತ್ತೆಯ ಮುಖ ಕಪ್ಪಿಟ್ಟಿತು. ಮಾವ ನಿಟ್ಟುಸಿರು ಬಿಟ್ಟು "ಹೋಗ್ಲಿ ಬಿಡಕ್ಕಾ, ನಮ್ಮ ಹಣಿಬರದಾಗ ಜವಳಿನ ಐತಿ" ಎಂದರು.

ಮಿಸ್ತ್ರಿ ಇವರ ಮುಖ ನೋಡಿದರು. ಬೇರೆಯವರ ದೇವರ ದಾರಕ್ಕೆ ಕೈ ಹಚ್ಚುವುದು ಅವರಿಗೆ ಸಂಕೋಚ. ಇವರು ಅವ್ವನ ಮುಖ ನೋಡಿದರು. "ಅವ್ವಾ, ಆ ದಾರ..." ಎಂದರು. "ಏನು ದಾರ?" ಎಂದರು ಅತ್ತೆ. "ಬಿಚ್ಚಬೇಕು" ಎಂದರು ಇವರು, ತಮ್ಮ ಕಾಲ ಹೆಬ್ಬೆರಳಿಗೆ ಹೇಳಿದ ಹಾಗೆ.

"ಕಟ್ಟಿದ ಕಂಕಣಾ ಬಿಚ್ಚಬೇಕಾ? ಅದು ತಾನಾಗೇ ಕಳಚಿ ಬೀಳೂತನಾ ಯಾರರ ಬಿಚ್ಚತಾರೇನು? ಬುದ್ಧಿ ಗಿದ್ಧಿ ಐತೋ ಇಲ್ಲೋ?"

ಮಿಸ್ತ್ರಿ ಗಡ್ಡ ನೀವಿಕೊಂಡರು. ದಾರವಿದ್ದರೆ ಮಿಸ್ತ್ರಿ ಎಂಜಿನ್ನು ಮುಟ್ಟುವುದಿಲ್ಲ, ದಾರ ಬಿಚ್ಚಿದರೆ ಅತ್ತೆಗೆ ಅಪಶಕುನ, ಬಿಚ್ಚಿ ನಡೆಸಿದರೆ ಗಡಗಿ ಅರಚುತ್ತದೆ, ಅರಚಿದರೆ ಕರಾರು. ಯಾವ ಕಡೆಯಿಂದ ಹೋದರೂ ದಾರಿ ಗಂಗಾವತಿಗೇ ಹೋಗುತ್ತಿತ್ತು. ಗಂಡಸರ ನಡುವೆ ಇವರು ಕೈ ಕಟ್ಟಿಕೊಂಡು ನಿಂತಿದ್ದರು. ಆ ಕೈಗಳನ್ನು ನೋಡಿದೆ. ನನಗೆ ಏನಾಯಿತೋ ಗೊತ್ತಿಲ್ಲ, ಹೂರಣದ ಕೈಯಲ್ಲೇ ಬಾಗಿಲು ದಾಟಿ ಎಲ್ಲರ ನಡುವೆ ಬಂದು ನಿಂತೆ.

"ಅತ್ತೀ, ಹೊಸಾ ಮನಿ ಹೊಕ್ಕಾಗ ಹಾಲ ಕಾಸ್ತೀವಲ್ರಿ, ಆ ಗಡಗಿ ಬಾಯಿ ಕಟ್ಟತೀವೇನ್ರಿ?"

ನನ್ನ ದನಿ ಕೊಟ್ಟಿಗೆಯ ತೊಲೆಗೆ ಬಡಿದು ನನಗೇ ತಿರುಗಿ ಬಂತು. ಅಷ್ಟು ದೊಡ್ಡ ದನಿ ನನ್ನೊಳಗೆ ಎಲ್ಲಿತ್ತೋ! ಅತ್ತೆ ನನ್ನನ್ನು ಮೊದಲ ಬಾರಿ ನೋಡುವವರಂತೆ ನೋಡಿದರು.

"ಹುಚ್ಚೀ, ಹಾಲು ಉಕ್ಕಬೇಕು. ಬಾಯಿ ಕಟ್ಟಿದರ ಹ್ಯಾಂಗ ಉಕ್ಕತೈತಿ?"

"ಇದೂ ಉಕ್ಕಬೇಕ್ರಿ. ಅದು ಕಳಸಲ್ರಿ, ಇದರ ಬಾಯಿ. ಗಾಳಿ ತುಂಬಿ ಹೆಚ್ಚಾತಂದ್ರ ಅಲ್ಲಿಂದ ಹೊರಗ ಬರಬೇಕು. ಕಟ್ಟಿದರ ಗಡಗಿ ಒಡಿತೈತ್ರಿ, ಮನಿ ಹೋಗ್ತೈತಿ, ಮಂದಿ ಹೋಗ್ತಾರ. ಬಿಚ್ಚಿದರ ಉಕ್ಕತೈತಿ. ಆದ್ರ ಉಕ್ಕುಮುಂದ ಸಪ್ಪಳಾ ಆಗ್ತೈತ್ರಿ. ಭಾಳ ದೊಡ್ಡ ಸಪ್ಪಳಾ. ಇವರು ನಿಮಗ ಹೇಳಾಕ ಹೆದರ್ಯಾರ, ನಾ ಹೇಳಾಕ ಹತ್ತೀನಿ."

ಮುಗಿಯಿತು ನನ್ನ ಬಾಳು ಎಂದುಕೊಂಡೆ. ಅತ್ತೆ ಎದ್ದರು, ಟಾಕಿಯ ಹತ್ತಿರ ಹೋದರು. ಹೂವಿನ ದಂಡೆ ತೆಗೆದರು. ತಾವು ಕಟ್ಟಿದ ಗಂಟನ್ನು ತಾವೇ ಬಿಚ್ಚಲು ನಿಂತರು. ಉಗುರಿಗೆ ಬರಲಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚಿದರು. ದಾರವನ್ನು ಕಣ್ಣಿಗೊತ್ತಿಕೊಂಡು ಕೆಳಗೆ ಬೋಲ್ಟಿಗೆ, ಕರಿಗಲ್ಲಿನ ಹತ್ತಿರ, ಕಟ್ಟಿದರು. ಮಿಸ್ತ್ರಿ ಬಂದು ಹಿಡಿಕೆ ಎತ್ತಿ ಇಳಿಸಿ, ನಾರು ಗೀರು ಸಿಕ್ಕಿಲ್ಲವೆಂದು ಪರೀಕ್ಷಿಸಿ, ಎಲ್ಲರನ್ನೂ ದೂರ ಸರಿಸಿದರು. ಆಮೇಲೆ ಅತ್ತೆ ಇವರ ಕಡೆ ತಿರುಗಿ "ಹೂಂ, ತಿರವು" ಎಂದರು.

ಮತ್ತೆ ಡುಗುಡುಗು. ಮತ್ತೆ ಮುಳ್ಳು ಏರಿತು. ಕೆಂಪು ಗೆರೆ. ಮಿಸ್ತ್ರಿ ಕೈ ಎತ್ತಿದರು. ಆಗ ಬಂತು ನೋಡಿ! ಎಂಥ ಕೂಗದು! ಕೊಪ್ಪಳದ ರೈಲು ನಮ್ಮ ಕೊಟ್ಟಿಗೆಯಲ್ಲೇ ಬಂದು ನಿಂತು ಸೀಟಿ ಊದಿದ ಹಾಗೆ. ತೊಲೆಯ ಮೇಲಿನ ಗುಬ್ಬಿಗಳು ಹಾರಿದವು, ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ಚನ್ನಬಸಪ್ಪ ಮಾವ ಒಂದು ಚಪ್ಪಲಿ ಇಲ್ಲಿ ಬಿಟ್ಟು ರಸ್ತೆಯ ಆಚೆ ಹೋಗಿ ನಿಂತರು, ರುಮಾಲು ಕೊರಳಿಗೆ ಬಂದಿತ್ತು. ಮಿಸ್ತ್ರಿ ಮಾತ್ರ ಕಣ್ಣು ಮುಚ್ಚಿ ಸಂಗೀತ ಕೇಳುವವರಂತೆ ತಲೆದೂಗಿದರು. ಮುಳ್ಳು ಕೆಂಪು ಗೆರೆಯಿಂದ ಕೆಳಗಿಳಿಯಿತು. ಬಾಯಿ ತಾನಾಗಿ ಮುಚ್ಚಿಕೊಂಡಿತು. ಟಾಕಿ ಇದ್ದಲ್ಲಿಯೇ ಇತ್ತು, ಮನೆ ಇದ್ದಲ್ಲಿಯೇ ಇತ್ತು.

ಮಾವ ರಸ್ತೆಯಾಚೆಯಿಂದಲೇ ಕೂಗಿದರು, "ಅಕ್ಕಾ, ಸಪ್ಪಳಾ ಮಾಡ್ತು! ಎಲ್ಲಾರೂ ಕೇಳ್ಯಾರ! ಮಾತಂದ್ರ ಮಾತು!"

ಎಲ್ಲರೂ ಅತ್ತೆಯ ಬಾಯಿ ನೋಡುತ್ತಿದ್ದರು. ಇವರು ಕೈ ಜೋಡಿಸಿಯೇ ಬಿಟ್ಟಿದ್ದರು, ಮುಗಿಯಲಿಕ್ಕೋ ಬೇಡಲಿಕ್ಕೋ ಅವರಿಗೇ ತಿಳಿಯದು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಸಪ್ಪಳಲ್ಲೋ ಚನ್ಯಾ, ಉಕ್ಕಿತು. ಹಾಲು ಉಕ್ಕಿದ ಮನಿ ಬಿಟ್ಟು ಯಾರರ ಹೋಗ್ತಾರೇನು? ಬಾ, ಚಪ್ಪಲಿ ಹಾಕ್ಕೋ, ಹೋಳಿಗಿ ಆರಾಕ ಹತ್ತ್ಯಾವು."

ಓಣಿ ಒಂದೇ ದನಿಯಲ್ಲಿ ಹೋ ಎಂದಿತು. ಇವರು ಎಣ್ಣೆಯ ಕೈಯಲ್ಲೇ ಅವ್ವನ ಪಾದ ಹಿಡಿದರು. ಹಿಂದಿನ ದಿನವಷ್ಟೇ ಬಂದು ಗಾಲಿ ಕೂತು ನಿಂತಿದ್ದ ಬಸ್ಸಿಗೆ ಮೊದಲ ಗಾಳಿ ಹೋಯಿತು. ನಾವೆಲ್ಲ ಪಿಳಿಪಿಳಿ ನೋಡುತ್ತಿದ್ದ ಹಾಗೆಯೇ ಗಾಲಿ ಎದ್ದು ನಿಂತಿತು, ಅಷ್ಟು ಹೊತ್ತಿನಲ್ಲಿ ನಾನೊಂದು ರೊಟ್ಟಿಯನ್ನೂ ಬಡಿಯಲಾರೆ. ಮಾವನವರೂ ಅದೇ ಬಸ್ಸಿನಲ್ಲಿ ಹೊರಟರು, ಹೋಗುವಾಗ ಇವರ ಕಿವಿಯಲ್ಲಿ, ಗಂಗಾವತಿಯಲ್ಲಿಯೂ ಇಂಥದೊಂದು ಹಾಕಿದರೆ ನಡೆದೀತೇನೋ ಎಂದು ಕೇಳಿದರಂತೆ. ವ್ಯಾಪಾರಸ್ಥರು ನೋಡಿ.

ನನ್ನ ಗೆಲುವು ಮಾತ್ರ ಇನ್ನೂ ಖಾತ್ರಿಯಾಗಿರಲಿಲ್ಲ. ಮಂದಿ ಕರಗಿದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಕೂತಿದ್ದೆ. ಗಂಡಸರ ಮುಂದೆ, ನೆಂಟರ ಮುಂದೆ, ಓಣಿಯ ಮುಂದೆ ದನಿ ಎತ್ತಿದ ಸೊಸೆ. ಅತ್ತೆ ಬಂದು ಎದುರಿಗೆ ಮಣೆ ಹಾಕಿಕೊಂಡು ಕೂತರು. ಪಾತ್ರೆ ಕೈಯಿಂದ ಜಾರದಂತೆ ಗಟ್ಟಿಯಾಗಿ ಹಿಡಿದುಕೊಂಡೆ.

"ನಿನಗ ಈ ಮಾತು ಯಾವಾಗ ಗೊತ್ತಾಗಿತ್ತು?" ಎಂದು ಕೇಳಿದರು.

"ಅವತ್ತ ಊಟಕ್ಕ ಕುಂತಾಗ್ರಿ" ಎಂದೆ, ನೆಲ ನೋಡುತ್ತ.

ಅತ್ತೆ ನನ್ನ ತಾಟಿಗೆ ಒಂದು ಹೋಳಿಗೆ ಹಾಕಿದರು, ಮೇಲೆ ತುಪ್ಪ ಸುರಿದರು, ಹೆಚ್ಚಾಯಿತೆನ್ನುವಷ್ಟು ಸುರಿದರು.

"ಇನ್ನ ಮ್ಯಾಲ ಏನರ ಇದ್ರ ಅವಾಗ ಹೇಳಬೇಕು. ಎಂಜಿನ್ ಚಾಲೂ ಆದ ಮ್ಯಾಲ ಅಲ್ಲ."

ಅತ್ತೆಯ ಅಪ್ಪಣೆ ಮೀರಿದವಳಲ್ಲ ನಾನು. ಆವತ್ತಿನಿಂದ ಈವತ್ತಿನವರೆಗೆ ಸುಮ್ಮನಿದ್ದದ್ದಿಲ್ಲ. ಬೇಕಾದರೆ ನಮ್ಮ ಮನೆಯಲ್ಲಿ ಯಾರನ್ನಾದರೂ ಕೇಳಿ ನೋಡಿ, ಅವರಿಗೆ ಮಾತಾಡಲು ನಾನು ಸಂದು ಕೊಟ್ಟರೆ.